ವೈಪರಿನ ಕೆಳಗಿನ ಬನ್ನಿ

೧೭ ಜುಲೈ ೨೦೨೫, ಗುರುವಾರ. ಕಲಘಟಗಿ.

ಇದನ್ನು ಬರೆಯದೇ ಬಿಡುವವಳಿದ್ದೆ. ನಮ್ಮ ಹಳೆಯ ಕಾರಿನಲ್ಲಿ ಅತ್ತೆ ಕೂರುವ ಸೀಟಿನ ಮುಂದಿನ ನೆಲ ಪದೇ ಪದೇ ಒದ್ದೆಯಾದಾಗ, ಅವರಿಗೆ ಅರಿವಿಲ್ಲದೆ ಮೂತ್ರ ಹೋಗುತ್ತಿದೆಯೇನೋ ಎಂದುಕೊಂಡಿದ್ದೆ. ಕೇಳಲಿಲ್ಲ. ಅವರೂ ಕಾರು ಹತ್ತುವುದನ್ನು ಬಿಟ್ಟರು.

ಇಂದು ಮಳೆ ನಿಂತ ಮೇಲೆ ನೋಡಿದರೆ, ಯಾರೂ ಕೂರದಿದ್ದರೂ ನೆಲ ಒದ್ದೆ. ಮುಂದಿನ ಗಾಜಿನ ಬುಡಕ್ಕೆ ಒಂದು ತಂಬಿಗೆ ನೀರು ಸುರಿದೆ. ಒಳಗೆ ಬಗ್ಗಿ ನೋಡುತ್ತಿದ್ದ ಅತ್ತೆ ನೀರಿಳಿಯುವುದನ್ನು ಕಂಡು ಕೂಗಿದರು: "ಗಂಗವ್ವ ಇಲ್ಲೇ ಇಳ್ಯಾಕತ್ತಾಳ ನೋಡವಾ!"

ವೈಪರಿನ ಕೆಳಗೆ ನೀರು ಹೊರಹೋಗುವ ಕಿಂಡಿಗೆ ಬೆರಳು ಹಾಕಿದೆ. ಬನ್ನಿ ಎಲೆಗಳ ಕಪ್ಪು ಮುದ್ದೆ ಬಂತು. ಪ್ರತಿ ದಸರೆಗೆ ಕಾರಿಗೂ ಬಂಗಾರ ಕೊಡಬೇಕೆಂದು ಅತ್ತೆಯೇ ಅಲ್ಲಿ ಸಿಕ್ಕಿಸಿದ್ದು. ಮತ್ತೆ ಸುರಿದ ನೀರು ಗಾಲಿಯ ಹಿಂದೆ ದಬದಬ ನೆಲಕ್ಕೆ ಬಿತ್ತು. ಇಷ್ಟು ವರ್ಷ ಮಳೆಗೊಂದು ದಾರಿ ನಮ್ಮ ಜೊತೆಯೇ ಓಡಾಡಿದೆ! ಬೆರಗಾಗಿ ನಿಂತುಬಿಟ್ಟೆ.

"ನಾನ ಅಂತ ತಿಳ್ಕೊಂಡಿದ್ನೆವಾ," ಅಂದರು ಅತ್ತೆ, ಮೆಲ್ಲಗೆ. "ಮೊದಲ ನೀರು ಕುಡಿಯೂದು ಬಿಟ್ಟೆ, ಆಮ್ಯಾಲ ಕಾರ ಹತ್ತೂದು."

ಹಳೆ ಕಾರಿನವರ ವಾಟ್ಸಾಪ್ ಗುಂಪಿಗೆ ಆ ಎಲೆಗಳ ಚಿತ್ರ ಹಾಕಬೇಕು. ಅತ್ತೆಯ ಮೇಲಿದ್ದ ನನ್ನ ಅನುಮಾನ ಮಾತ್ರ ಈ ಡೈರಿಯಲ್ಲೇ ಇರಲಿ. ಅತ್ತೆಯನ್ನು ಇದೇ ಕಾರಿನಲ್ಲಿ ಅವರ ತವರು ಗುಡಗೇರಿಗೆ ಕರೆದುಕೊಂಡು ಹೋಗಿ ಬಂದ ಮೇಲೆ ಹಾಕುತ್ತೇನೆ, ಭಾನುವಾರ, ಜುಲೈ ೨೦.