ಮೂಲೆಯ ಚೌಕದಲ್ಲಿ ನಿನ್ನ ಕೈಗಳು

ಗುರುವಾರ, ಮಧ್ಯಾಹ್ನ

ಸಭೆಗೆ ದಯಮಾಡಿಸಿರುವ ಸಮಸ್ತ ಮಹಾಜನಗಳೇ, ಮುಂದಿನ ಸಾಲಿನ ಮಾನ್ಯರೇ, ಹಿಂದಿನ ಸಾಲಿನ ಗಲಾಟೆಯವರೇ, ಕುಳಿತುಕೊಳ್ಳಿ. ಪರದೆ ಏಳುತ್ತಿದೆ.

ನಗಬೇಡ ಮಗಳೇ. ನನ್ನ ಕಾಗದ ಬಂದರೆ ನಿನ್ನ ಕೋಣೆಯ ಗೆಳತಿಯರಿಬ್ಬರೂ ಕಾಲು ಮಡಚಿ ಕೂತು ಓದಿಸಿಕೊಳ್ಳುತ್ತಾರೆ, ಮನೆಯೊಡತಿ ಬಾಗಿಲ ಹಿಂದೆ ಕಿವಿ ಇಟ್ಟಿರುತ್ತಾಳೆ ಎಂದು ನೀನೇ ಬರೆದಿದ್ದೆ. ನಾಲ್ಕು ಜನ ಸೇರಿದರೆ ನನಗದು ಸಭೆಯೇ. ಅವರಿಗೆಲ್ಲ ನಮಸ್ಕಾರ, ನಿನಗೆ ಆಶೀರ್ವಾದ. ತಡವಾಯಿತೆಂದು ಮುನಿಸಿಕೊಳ್ಳಬೇಡ. ಹೊಸ ನಾಟಕದ ತಾಲೀಮು ನಡೆದಿದೆ. ನನ್ನದು ರಾಜನ ಪಾತ್ರ, ಇನ್ನೇನು. ಮಂತ್ರಿಯ ಪಾತ್ರದವನು ಮಾತ್ರ ಮಾತನ್ನು ಬಾಯೊಳಗೇ ಅಗಿದು ನುಂಗುತ್ತಾನೆ. "ಉಂಡು ಬಂದಿದ್ದೀಯೋ ಇಲ್ವೋ, ಹೊಟ್ಟೆಯಿಂದ ಮಾತಾಡಯ್ಯ" ಎಂದು ಗದರಿದರೆ ಪಿಳಿಪಿಳಿ ಕಣ್ಣು ಬಿಡುತ್ತಾನೆ.

ಈಗ ಕಥೆಗೆ ಬರುತ್ತೇನೆ. ಮೊನ್ನೆ ಸಂಜೆ ದೇಶದ ಅಧ್ಯಕ್ಷರು ಟಿವಿಯಲ್ಲಿ ಮಾತಾಡಿದರಲ್ಲ, ಅವರ ಪಕ್ಕದ ಪುಟ್ಟ ಚೌಕದಲ್ಲಿ ಕಪ್ಪು ಅಂಗಿ ತೊಟ್ಟು, ಅವರ ಒಂದೊಂದು ಮಾತನ್ನೂ ಕೈಸನ್ನೆಗೆ ಇಳಿಸುತ್ತ ನಿಂತವಳು ನನ್ನ ಮಗಳು. ಬೀದಿಗೆ ಬೀದಿಯೇ ನೋಡಲಿ ಎಂದು ಮನೆಯ ಟಿವಿ ಬಿಟ್ಟು, ನಿಮ್ಮಮ್ಮನ ಜೊತೆ ಕಟಿಂಗ್ ಅಂಗಡಿಗೆ ಹೋದೆ. ಅಲ್ಲಿ ಎಳ್ಳು ಹಾಕಿದರೆ ಕೆಳಗೆ ಬೀಳದಷ್ಟು ಜನ. ಕೆನ್ನೆಗೆ ಸೋಪಿನ ನೊರೆ ಮೆತ್ತಿಸಿಕೊಂಡಿದ್ದ ಮೇಷ್ಟ್ರು ಅರ್ಧ ಗಡ್ಡದಲ್ಲೇ ಕುರ್ಚಿ ತಿರುಗಿಸಿಕೊಂಡರು. ಪಕ್ಕದ ಅಂಗಡಿಯ ದರ್ಜಿಯಮ್ಮ ಕೊರಳಲ್ಲಿ ಅಳತೆಯ ಟೇಪು ಹಾಕಿಕೊಂಡೇ ಓಡಿ ಬಂದಳು. ಹುಟ್ಟಿನಿಂದ ಯಾವ ಸದ್ದನ್ನೂ ಕೇಳದ ನಿಮ್ಮಮ್ಮನಿಗೆ ಎಲ್ಲರೂ ಮುಂದಿನ ಕುರ್ಚಿ ಬಿಟ್ಟುಕೊಟ್ಟರು.

ಅಧ್ಯಕ್ಷರು ಬಂದರು, ಕನ್ನಡಕ ಸರಿಮಾಡಿಕೊಂಡರು, ತುಟಿ ಅಲ್ಲಾಡಿಸತೊಡಗಿದರು. ಮಾತು ಕೇಳಲಿಲ್ಲ. ತುಂಬಿದ ಸಭೆ, ಎದುರಿಗೆ ಪಾತ್ರಧಾರಿ, ಮಾತಿಲ್ಲ. ನಾಟಕದವನ ಎದೆಗೆ ಇದಕ್ಕಿಂತ ದೊಡ್ಡ ಈಟಿ ಬೇಕೆ? ನಮ್ಮ ಕಂಪನಿಯ ಕಟ್ಟಳೆ ನಿನಗೆ ಗೊತ್ತು: ಒಬ್ಬನ ಮಾತು ನಿಂತರೆ ಪಕ್ಕದವನು ಎತ್ತಿಕೊಳ್ಳಬೇಕು, ನಡುವಿನ ಕಂದಕ ಸಭೆಗೆ ಕಾಣಬಾರದು. ಬೆಂಚು ಹತ್ತಿದೆ. ಅಲ್ಲಿ ನಿನ್ನ ಕೈಗಳಿದ್ದವು, ಇಲ್ಲಿ ಮೂವತ್ತು ವರ್ಷ ನಿಮ್ಮಮ್ಮನ ಕೈಗಳನ್ನು ಓದಿದ ನನ್ನ ಕಣ್ಣುಗಳಿದ್ದವು. ಗಂಟಲಿಗೇನು ಬರವೆ?

"ಪ್ರಜೆಗಳೇ" ಎಂದು ಎತ್ತಿದೆ. ಗಾಜಿನ ಲೋಟದಲ್ಲಿದ್ದ ಬಾಚಣಿಗೆಗಳು ನಡುಗಿದವು. ಮೇಷ್ಟ್ರು ಏನೋ ಹೇಳಲು ನೊರೆಯ ಬಾಯಿ ತೆರೆದರು, ದರ್ಜಿಯಮ್ಮ ಅವರ ತೋಳು ಹಿಡಿದಳು. ಅಂಗಡಿಯವನು ನನ್ನನ್ನೊಮ್ಮೆ ದಿಟ್ಟಿಸಿ, ರಿಮೋಟಿನಲ್ಲಿ ಏನೋ ಒತ್ತಿ ಕೆಳಗಿಟ್ಟ. ಆಮೇಲೆ, ಮುಂದುವರಿಸಿ ಎಂಬಂತೆ ಕೈ ಚಾಚಿದ.

ಮುಂದುವರಿಸಿದೆ. ನೀನು ಎರಡೂ ಅಂಗೈಗಳನ್ನು ಕಣ್ಣ ಮುಂದೆ ಇಳಿಸಿದಾಗ, "ಅಣೆಕಟ್ಟೆಗಳು ಬತ್ತಿವೆ. ಮುಂದಿನ ತಿಂಗಳಿಂದ ಸಂಜೆ ಏಳರಿಂದ ಹತ್ತರವರೆಗೆ ಊರೂರಿಗೂ ಕತ್ತಲು" ಎಂದೆ. ನೀನು ಎದೆಯ ಮೇಲೆ ಕೈಯಿಟ್ಟಾಗ, "ಈ ಭಾರವನ್ನು ನನ್ನೊಡನೆ ಹೊರಿರೆಂದು ಬೇಡುತ್ತೇನೆ" ಎಂದೆ. ಅವರು ಬರೀ "ಸಹಕರಿಸಿ" ಎಂದಿದ್ದರೆಂದು ಮರುದಿನ ಪತ್ರಿಕೆಯಲ್ಲಿ ಓದಿದೆ. ಇರಲಿ, ನನ್ನ ಮಾತಿಗೆ ತೂಕ ಹೆಚ್ಚು.

ಮುಗಿದದ್ದೇ ತಡ, ಅಂಗಡಿ ಸಂತೆಯಾಯಿತು. ಎಲ್ಲರೂ ಕೂಗುವವರೇ.

"ಕತ್ತಲಲ್ಲಿ ಕ್ಷೌರಕ್ಕೆ ಬರೋ ಗಂಡು ಯಾರಪ್ಪಾ?" ಎಂದ ಅಂಗಡಿಯವನು.

"ನಿನ್ನ ಕೈಗೆ ಬೆಳಕಿದ್ರೂ ಅಷ್ಟೆ, ಇಲ್ದಿದ್ರೂ ಅಷ್ಟೆ. ನನ್ನ ಕೆನ್ನೆ ನೋಡು" ಎಂದರು ಮೇಷ್ಟ್ರು.

"ಅಧ್ಯಕ್ಷರ ಮನೇಲೂ ದೀಪ ಆರತ್ತಾ ಅಂತ ಮೊದ್ಲು ಕೇಳ್ರೀ" ಎಂದಳು ದರ್ಜಿಯಮ್ಮ. "ಕತ್ತಲಲ್ಲಿ ಸೂಜಿಗೆ ದಾರ ಪೋಣಿಸಿದ ಮುಖ ಅಲ್ಲ ಅದು."

"ಅಣೆಕಟ್ಟೆ ಒಣಗಿದ್ರೆ ಅವರೇನಮ್ಮ ಮಾಡ್ತಾರೆ, ಕೂತು ಅಳಬೇಕಾ?"

"ಅಳಲಿ ಮೇಷ್ಟ್ರೇ, ಅಷ್ಟಾದ್ರೂ ನೀರಾಗತ್ತೆ."

ಅವರವರ ಚಿಂತೆ ಅವರವರಿಗೆ. ಅಷ್ಟರಲ್ಲಿ ನಿಮ್ಮಮ್ಮ ನನ್ನ ತೋಳು ಎಳೆದಳು. "ಆ ಮೂರು ಗಂಟೆ ನನ್ನ ಜೊತೆ ಹೇಗೆ ಮಾತಾಡ್ತೀರಿ? ಕೈ ಕಾಣಲ್ವಲ್ಲ" ಎಂದವು ಅವಳ ಕೈಗಳು. ಅಧ್ಯಕ್ಷರಿಗೂ ಹೊಳೆಯದ ಪ್ರಶ್ನೆ. ನಾನಿದ್ದೇನಲ್ಲ ಎಂದು ಎದೆ ತಟ್ಟಿದೆ. ರಾಜನ ಪಾತ್ರದವನು ಬೇರೇನು ಮಾಡಿಯಾನು?

ಭಾಷಣಕ್ಕಿಂತ ಅವಳು ನಿನ್ನನ್ನು ನೋಡಿದ್ದೇ ಹೆಚ್ಚು. ಹಣೆಗೆ ಕೂದಲು ಬೀಳುತ್ತಿತ್ತಂತೆ, ಕ್ಲಿಪ್ಪು ಹಾಕಿಕೊಳ್ಳಬೇಕಂತೆ. ಹೊರಡುವಾಗ ಟಿವಿಯ ಆ ಮೂಲೆಯನ್ನು ಕರ್ಚೀಫಿನಿಂದ ಒರೆಸಿ ಬಂದಳು. ಆಗಲೇ ಅಲ್ಲಿ ಯಾವುದೋ ಸಾಬೂನಿನ ಜಾಹೀರಾತು ಬರುತ್ತಿತ್ತು.

ಹೊತ್ತಿಗೆ ಸರಿಯಾಗಿ ಉಣ್ಣು. ಆ ಕೈಗಳನ್ನು ಜೋಪಾನ ಮಾಡಿಕೊ. ನೂರು ವರ್ಷ ಬಾಳು, ನೂರು ಅಧ್ಯಕ್ಷರಿಗೆ ಕೈಯಾಗು.

ಇಂತಿ ನಿನ್ನ ಅಪ್ಪ,
ಬೀದಿಯವರ ಬಾಯಲ್ಲಿ ಗುಡುಗು

ತಾ.ಕ.: ಮರೆತಿದ್ದೆ ಎಂದು ಬರೆಯಹೊರಟೆ. ಮರೆತಿರಲಿಲ್ಲ. ಇವತ್ತು ಬೆಳಿಗ್ಗೆ ಗಡ್ಡಕ್ಕೆ ಹೋದವನು, "ಟಿವಿ ರಿಪೇರಿ ಆಯ್ತೇನಯ್ಯಾ?" ಎಂದು ಕೇಳಿದೆ. ಅಂಗಡಿಯವನು ಕತ್ತಿ ಕೆಳಗಿಟ್ಟು, ನನ್ನ ಮುಖಕ್ಕೆ ಮುಖ ತಂದು ಹೇಳಿದ: "ಯಜಮಾನ್ರೇ, ಅದು ಕೆಟ್ಟಿರ್ಲಿಲ್ಲ. ಮಾತು ಚೆನ್ನಾಗೇ ಬರ್ತಿತ್ತು. ನಿಮಗೆ ಕೇಳ್ತಿಲ್ಲ ಅಂತ ಗೊತ್ತಾಯ್ತು, ನಾನೇ ಧ್ವನಿ ತೆಗೆದೆ. ಒಂದು ಅಂಗಡೀಲಿ ಇಬ್ಬರು ಅಧ್ಯಕ್ಷರು ಯಾಕೆ ಅಂತ."

ಮಂತ್ರಿಯ ಪಾತ್ರದವನನ್ನು ಮೇಲೆ ಬೈದಿದ್ದೇನಲ್ಲ, ಅದನ್ನು ಹೊಡೆದುಹಾಕು. ಅವನು ಏನನ್ನೂ ನುಂಗುತ್ತಿರಲಿಲ್ಲ. ಎದುರು ನಿಂತು ಕೂಗಿದರೆ ನನಗೆ ಕೇಳುತ್ತದೆ, ಉಳಿದದ್ದನ್ನು ತುಟಿ ನೋಡಿ ಹೊಂದಿಸಿಕೊಳ್ಳುತ್ತೇನೆ. ಇಷ್ಟು ದಿನ ಜಗತ್ತೇ ಮೆಲ್ಲಗೆ ಮಾತಾಡುತ್ತಿದೆ ಎಂದುಕೊಂಡಿದ್ದೆ. ನಿಮ್ಮಮ್ಮನಿಗೆ ಹೇಳಿದೆ. ಅಳುತ್ತಾಳೇನೋ ಎಂದು ನೋಡಿದರೆ, "ನನಗೆ ಹೋದ ವರ್ಷವೇ ಗೊತ್ತು. ನನ್ನ ಹಾಗೇ ಜನರ ಬಾಯಿ ನೋಡೋಕೆ ಶುರು ಮಾಡಿದ್ರಲ್ಲ" ಎಂದು ಕೈಯಾಡಿಸಿ, ನನ್ನ ಕಿವಿಯನ್ನೊಮ್ಮೆ ಹಿಂಡಿ ಒಳಗೆ ಹೋದಳು.

ಕತ್ತಲಲ್ಲಿ ಅವಳೊಬ್ಬಳ ಮಾತು ನಿಲ್ಲುತ್ತದೆ ಎಂದುಕೊಂಡು ಎದೆ ತಟ್ಟಿದ್ದೆ ಮಗಳೇ. ನಮ್ಮಿಬ್ಬರದೂ ನಿಲ್ಲುತ್ತದೆ. ಅದಕ್ಕೆ ನಾನು ಬಿಡುವವನಲ್ಲ. ನಾಳೆ ಬೆಳಿಗ್ಗೆ ಮೊದಲು ಮಂತ್ರಿಯ ಮನೆಗೆ ಹೋಗುತ್ತೇನೆ. "ಇನ್ನು ಮೇಲೆ ನಿನ್ನ ಮಾತು ಮುಗಿದ ಕೂಡಲೇ ಸೊಂಟದ ಕತ್ತಿಯ ಹಿಡಿ ಮುಟ್ಟು, ಅಲ್ಲಿಂದ ನಾನು ಎತ್ತಿಕೊಳ್ಳುತ್ತೇನೆ" ಎಂದು ಹೇಳುತ್ತೇನೆ. ಆಮೇಲೆ ಕಂಪನಿಯ ಸಾಮಾನಿನ ಕೋಣೆಯಿಂದ, ಸೆರೆಮನೆಯ ದೃಶ್ಯಕ್ಕೆ ತೂಗುಹಾಕುವ ದೊಡ್ಡ ಲಾಟೀನು ಇಳಿಸಿ ತಂದು, ಗಾಜಿನ ಮಸಿ ತೊಳೆದು, ಅಡುಗೆಮನೆಯ ಮೇಜಿನ ಮೇಲೆ ಅವಳ ಕೈಗೂ ನನ್ನ ಕೈಗೂ ನಡುವೆ ಇಡುತ್ತೇನೆ.