ಯಾವ ಹೊಟ್ಟು ಎಂದು ನಾನು ಕೇಳಲಿಲ್ಲ

ಹೊಸಬಾಳೆಯ ತವರಿನಲ್ಲಿ ಈಗ ನಿರಾಳವಾಗಿ ಉಸಿರಾಡುತ್ತಿರುವ ಶರಣ್ಯ ಅತ್ತಿಗೆಗೆ,

ಫೋನಿನಲ್ಲಿ ಹೇಳಬಹುದಿತ್ತು. ಆದರೆ ನಾನು ಬಾಯಿ ತೆರೆದರೆ ಭಾಷಣವಾಗುತ್ತದೆ, ನೀವು ಆ ಕಡೆಯಿಂದ "ಹೋಗ್ಲಿ ಬಿಡೇ ಮೇಘೀ" ಎಂದು ಸುಲಭವಾಗಿ ಕ್ಷಮಿಸಿಬಿಡುತ್ತೀರಿ. ಆ ಸುಲಭ ನನಗೆ ಬೇಡ.

ಸೋಮವಾರ ನಿಮ್ಮ ಡಾಕ್ಟರ ಹತ್ತಿರ ಹೋಗಿದ್ದೆ. ನಿಮ್ಮ ಉಬ್ಬಸಕ್ಕೆ ಎದುರಿನ ಅಕ್ಕಿ ಗಿರಣಿಯ ಹೊಟ್ಟೇ ಕಾರಣ ಎಂದು ಅವರಿಂದ ಬರೆಸಿಕೊಂಡು ಪುರಸಭೆಗೆ ಕೊಡುವ ಹಟ ನನ್ನದು. ಅವರು ಕನ್ನಡಕ ತೆಗೆದು ನನ್ನನ್ನೇ ನೋಡಿದರು. "ಭತ್ತದ ಹೊಟ್ಟು ಅಂತ ಯಾರಮ್ಮ ಹೇಳಿದ್ದು? ನಾನಂದಿದ್ದು ಬೆಕ್ಕಿನ ಹೊಟ್ಟು. ಅದರ ಮೈಯಿಂದ ಉದುರೋದು. ಬೆಕ್ಕನ್ನ ಕೋಣೆಗೆ ಬಿಡಬೇಡಿ, ಕಿಟಕಿ ತೆಗೆದಿಡಿ ಅಂತ ನಿಮ್ಮ ಅತ್ತಿಗೆಗೆ ಬಿಡಿಸಿ ಹೇಳಿದ್ದೆನಲ್ಲ?"

ಆ ದಿನ ಆಸ್ಪತ್ರೆಯಿಂದ ಬಂದು ನೀವು ಹೇಳಿದ್ದು ಒಂದೇ ಮಾತು: "ಹೊಟ್ಟಿಗೆ ಹಿಂಗಾಗ್ತದಂತೆ ಕಣೇ." ಹೇಳುವಾಗ ನಿಮ್ಮ ಕಣ್ಣು ನನ್ನ ಮಡಿಲಿನ ಮೇಲಿತ್ತು. ಮಡಿಲಲ್ಲಿ ನನ್ನ ಬೆಕ್ಕು ಕ್ರಾಂತಿ (ಅಮ್ಮನ ಬಾಯಲ್ಲಿ ಇವತ್ತಿಗೂ ಕಾಂತಿ) ಗುರುಗುಡುತ್ತಿದ್ದಳು. ನಾನು ನೋಡಿದ್ದು ಕಿಟಕಿಯಾಚೆಯ ಗಿರಣಿಯನ್ನು. ಅಷ್ಟು ಕರಪತ್ರ ಓದಿದವಳಿಗೆ ಶತ್ರು ಯಾವಾಗಲೂ ಹೊಸ್ತಿಲಿನ ಆಚೆಗೇ ಇರಬೇಕು. ಯಾವ ಹೊಟ್ಟು ಎಂದು ಕೇಳುವ ವ್ಯವಧಾನ ಎಲ್ಲಿತ್ತು?

ಮರುದಿನವೇ ಕಿಟಕಿಗಳನ್ನೆಲ್ಲ ಮುಚ್ಚಿಸಿದೆ. ಸಂದಿಗಳಿಗೆ ಗೊಬ್ಬರದ ಚೀಲ ಕತ್ತರಿಸಿ ಮೊಳೆ ಹೊಡೆದೆ. "ಸೆಕೆಗೆ ಸಾಯ್ತೀವಲ್ಲೇ, ಏನಿದು ನಿಂದು?" ಎಂದಳು ಅಮ್ಮ. "ನಿನಗೆ ಆರೋಗ್ಯ ಬೇಕಾ, ಗಾಳಿ ಬೇಕಾ?" ಎಂದು ಕೇಳಿದೆ. ಆ ಪ್ರಶ್ನೆ ನೆನಪಾದರೆ ಈಗ ಕಿವಿ ಬಿಸಿಯಾಗುತ್ತದೆ. ಆಮೇಲೆ ಗಿರಣಿ ಶೇಷಪ್ಪನವರ ಗೇಟಿನ ಮುಂದೆ ಬಿಸಿಲಲ್ಲಿ ನಿಮ್ಮನ್ನು ನಿಲ್ಲಿಸಿ, ನಿಮ್ಮ ಕೆಮ್ಮನ್ನೇ ಸಾಕ್ಷಿಯಾಗಿ ತೋರಿಸಿದೆ. ಪಾಪ, ಅವರು ನಮ್ಮ ಕಡೆಗೆ ಉದ್ದಕ್ಕೂ ತಗಡು ಹೊಡೆಸಿದರು. "ಇನ್ನೇನ್ ಮಾಡ್ಬೇಕು ಹೇಳವ್ವ, ಗಿರಣೀನೇ ಹೊತ್ಕಂಡ್ ಹೋಗ್ಲಾ?" ಎಂದರು. ನೀವು ಸೆರಗಿನಿಂದ ಬಾಯಿ ಮುಚ್ಚಿಕೊಂಡಿರಿ. ಕೆಮ್ಮಿಗೆ ಎಂದುಕೊಂಡೆ. ನಾಚಿಕೆಗಿರಬೇಕು.

ತಗಡು ಬಂದ ಮೇಲೂ ನಿಮ್ಮ ಉಬ್ಬಸ ಏರುತ್ತಲೇ ಹೋಯಿತು. ಮುಚ್ಚಿದ ಮನೆಯೊಳಗೆ ಬೆಕ್ಕು, ನೀವು, ನಾನು. ಏದುಸಿರು ಬಂದಾಗಲೆಲ್ಲ ನನ್ನ ಶಾಲು ಹೊದಿಸಿ ಬೆನ್ನು ತಿಕ್ಕುತ್ತಿದ್ದೆ. ಕ್ರಾಂತಿ ಹಗಲೆಲ್ಲ ಮಲಗುತ್ತಿದ್ದ ಶಾಲು ಅದು. ನೀವು ಇನ್ನಷ್ಟು ಕೆಮ್ಮುತ್ತಿದ್ದಿರಿ, ನಾನು ಇನ್ನಷ್ಟು ಬಿಗಿಯಾಗಿ ಹೊದಿಸುತ್ತಿದ್ದೆ.

ನಿಮಗೆ ಗೊತ್ತಿತ್ತು. ಅಣ್ಣನಿಗೂ ಹೇಳಲಿಲ್ಲವಂತೆ. ಯಾಕೆ ಎಂದು ಕೇಳುವ ಮುಖ ನನಗಿಲ್ಲ, ಯಾಕೆಂದರೆ ಒಮ್ಮೆ ನೀವು ಕೇಳಿದ್ದಿರಿ: "ಇದ್ನ ಹಿತ್ಲಲ್ಲಿ ಮಲಗ್ಸಿದ್ರೆ ಆಗದಿಲ್ಲನೇ?" ಈ ಭೂಮಿ ಮನುಷ್ಯರ ಅಪ್ಪನ ಆಸ್ತಿಯಲ್ಲ ಎಂದು ಶುರು ಮಾಡಿದವಳು ನಿಮ್ಮ ಕಾಫಿ ಆರುವವರೆಗೂ ನಿಲ್ಲಿಸಲಿಲ್ಲ. ನೀವು ಈ ಮನೆಗೆ ಬಂದು ವರ್ಷ ತುಂಬಿರಲಿಲ್ಲ. ನಾನು ಇಲ್ಲೇ ಹುಟ್ಟಿದವಳು. ಸಮಾನತೆಯ ಬಗ್ಗೆ ಅಷ್ಟು ಮಾತಾಡುವ ನನಗೆ, ಬೆಕ್ಕಿಗೆ ಸಿಕ್ಕಿದಷ್ಟು ಜಾಗ ಸೊಸೆಗೆ ಸಿಕ್ಕಿಲ್ಲ ಎಂಬುದು ಕಾಣಲಿಲ್ಲ.

ಈಗ ಚೀಲಗಳನ್ನು ಕಿತ್ತು ಕಿಟಕಿಗಳನ್ನೆಲ್ಲ ತೆರೆದಿದ್ದೇನೆ. ಪೊರಕೆ ಹಿಡಿದರೆ ಎಲ್ಲ ಮತ್ತೆ ಗಾಳಿಗೇಳುತ್ತದಂತೆ, ಅದಕ್ಕೆ ಒದ್ದೆ ಬಟ್ಟೆಯಲ್ಲಿ ಗೋಡೆ, ನೆಲ, ಫ್ಯಾನಿನ ರೆಕ್ಕೆ ಒರೆಸುತ್ತಿದ್ದೇನೆ. ಪರದೆಗಳನ್ನೂ ನಿಮ್ಮ ಹಾಸಿಗೆಯ ಹೊದಿಕೆಗಳನ್ನೂ ಹಂಡೆಯ ಕುದಿನೀರಲ್ಲಿ ಅದ್ದಿ ಒಗೆದೆ. ಶೇಷಪ್ಪನವರ ಗಿರಣಿಗೆ ಹೋಗಿ ತಪ್ಪಾಯಿತು ಎಂದೆ. ನಕ್ಕು, "ತಗಡು ವಾಪಸ್ ಬಿಚ್ಚಲ್ಲ ತಗಾ, ನೆಳ್ಳು ಚೆನ್ನಾಗೈತೆ" ಎಂದರು. ಬೈದಿದ್ದರೆ ಹಗುರಾಗುತ್ತಿತ್ತು.

ಕ್ರಾಂತಿಯನ್ನು ಬೀದಿಗೆ ಬಿಡಲು ನನ್ನ ಕೈ ಬರಲಿಲ್ಲ, ಇದನ್ನೂ ನಿಮ್ಮಿಂದ ಮುಚ್ಚಿಡುವುದಿಲ್ಲ. ಅವಳ ಜೊತೆ ಅಪ್ಪನ ಅಂಗಡಿಯ ಮೇಲಿನ ಕೋಣೆಗೆ ನಾನೇ ಬಂದಿದ್ದೇನೆ. ನನ್ನ ಬಟ್ಟೆಯಲ್ಲೂ ಅವಳ ಹೊಟ್ಟು ಮನೆಗೆ ಬರುತ್ತದಂತೆ. ಒರೆಸಲು ಹೋಗುವಾಗ ಸ್ನಾನ ಮಾಡಿ, ಒಗೆದದ್ದನ್ನು ಉಟ್ಟು ಹೋಗುತ್ತೇನೆ. "ಮದುವಿ ಆಗಿ ಹೋಗೋ ಹುಡುಗಿ ಬೆಕ್ಕಿನ ಜೊತಿ ಹೋದ್ಲು" ಎಂದು ಅಮ್ಮ ಅಳುತ್ತಲೇ ನಗುತ್ತಾಳೆ.

ಭಾನುವಾರ ಅಣ್ಣ ನಿಮ್ಮನ್ನು ಕರೆಯಲು ಬರುತ್ತಾನೆ. ಸೊಸೆ ಎಷ್ಟು ದಿನ ತವರಿನಲ್ಲಿರುವುದು, ಜನ ಏನೆಂದಾರು ಎಂದು ಅಮ್ಮ ಅವನನ್ನು ಹೊರಡಿಸುತ್ತಿದ್ದಾಳೆ. ಅತ್ತಿಗೆ, ಬರಬೇಡಿ. ಬೆಕ್ಕು ಹೋದ ಮೇಲೂ ಆ ಹೊಟ್ಟು ಗೋಡೆ, ಹಾಸಿಗೆಗಳಲ್ಲಿ ತಿಂಗಳುಗಟ್ಟಲೆ ಇರುತ್ತದೆಂದು ಡಾಕ್ಟರು ಹೇಳಿದ್ದಾರೆ. ಅಣ್ಣ "ಎಲ್ಲಾ ತೊಳೆದಾಯ್ತು, ಹೊರಡು" ಎನ್ನುತ್ತಾನೆ. ನಿಮ್ಮ ಬಾಯಿಗೆ "ಆಗ್ಲಿ" ಬರುತ್ತದೆ. ಅದನ್ನು ನುಂಗಿಕೊಂಡು "ಈಗ ಬರಲ್ಲ" ಎನ್ನಿ, ಕಾರಣವನ್ನೂ ಹೇಳಿ. ನನ್ನ ಹೆಸರು ಹಿಡಿದೇ ಹೇಳಿ. ಇಲ್ಲಿ ಏಳುವ ಗದ್ದಲ ನನಗಿರಲಿ.

ಚಿಕ್ಕವಳು ಹರಸುವಂತಿಲ್ಲ. ಆದರೂ, ಹೇಳಬೇಕೆಂದದ್ದನ್ನು ಕೊನೆಯ ಅಕ್ಷರದವರೆಗೆ ಹೇಳುವಷ್ಟು ಉಸಿರು ನಿಮಗೆ ಸದಾ ಇರಲಿ.

ಇಂತಿ, ಇನ್ನು ಮೇಲೆ ಕೇಳಿಸಿಕೊಳ್ಳಲು ಕಲಿಯಬೇಕಾದ ನಿಮ್ಮ ನಾದಿನಿ,
ಮೇಘನಾ
ಶಿಕಾರಿಪುರ