ಪೋಪ್ ತೆಗೆದ ಹತ್ತು ದಿನ

ಅಕ್ಟೋಬರ್ 9, ಬೆಳಿಗ್ಗೆ

ಖಾನಾವಳಿಯ ರೊಟ್ಟಿ ಬಡಿದು ಮುಗಿಯಿತು. ಇನ್ನು ಚಿಂತೆ ಮಾಡಲು ಪುರಸೊತ್ತು.

ಮಗಳು ರೇಣುವಿನ ಮದುವೆ ತುಳಸಿ ಲಗ್ನದ ಮರುವಾರ. ವರ ಮುನವಳ್ಳಿಯ ಕಾಂತೇಶ. ನಿನ್ನೆ ಅವನ ಕಾಕಾ ದುಂಡಪ್ಪನವರ ಫೋನ್. ಯಾವುದೋ ರೀಲ್ಸ್ ನೋಡಿದರಂತೆ — ಹಿಂದೆ ಗ್ರೆಗರಿ ಎಂಬ ಪೋಪ್ ಕ್ಯಾಲೆಂಡರಿನಿಂದ ಹತ್ತು ದಿನ ಕದ್ದನಂತೆ. ಹಾಗಾಗಿ ಎಲ್ಲರ ಜನ್ಮತಾರೀಖೂ ಸುಳ್ಳು. ಹತ್ತು ದಿನ ಹಿಂದಿಟ್ಟು ನೋಡಿದರೆ ಜಾತಕ ಕೂಡುವುದಿಲ್ಲ, ಮದುವೆ ಬೇಡ ಎಂದರು.

ಬಳಗಕ್ಕೆಲ್ಲ ಹೇಳಿಯಾಗಿದೆ... ರೇಣು ನಗುತ್ತಾಳೆ. ನನಗೆ ನಗು ಬರುವುದಿಲ್ಲ.

ಅಕ್ಟೋಬರ್ 10

ರೇಣು ಮೊಬೈಲಿನಲ್ಲಿ 1582ರ ಅಕ್ಟೋಬರ್ ತೋರಿಸಿದಳು. ನಾಲ್ಕರ ಮುಂದೆ ಹದಿನೈದು. ನಡುವಿನ ಹತ್ತು ದಿನ ಖರೇನೇ ಇಲ್ಲ.

ನಾನು ಐದನೆಯ ಇಯತ್ತೆಗೆ ಸಾಲಿ ಬಿಟ್ಟವಳು. ಅವಳೇ ಓದಿ ಹೇಳಿದಳು — ಹಳೆಯ ಲೆಕ್ಕದ ತಪ್ಪು ಕೂಡುತ್ತ ಬಂದು ಅವರ ಈಸ್ಟರ್ ಹಬ್ಬವೇ ಜಾಗ ಬಿಟ್ಟು ಸರಿದಿತ್ತಂತೆ. ಮುದುಕ ಪೋಪ್ ಪಂಡಿತರನ್ನು ಕೂಡಿಸಿ ಸರಿ ಮಾಡಿಸಿದ. ಆಗ ಕ್ರೈಸ್ತರಲ್ಲೇ ಒಡಕು. ಪೋಪ್ ಹೇಳಿದ್ದು ಎಂದೇ ಕೆಲವು ದೇಶದವರು ನೂರು ವರ್ಷ ದಾಟಿದರೂ ಒಪ್ಪಲಿಲ್ಲ. ಪಾಪ ಅನಿಸಿತು. ಸರಿ ಮಾಡಿದವನನ್ನು ಈಗ ಕಳ್ಳ ಅಂದರೆ ಲಕ್ಷ ಲೈಕು.

ಆದರೆ ದುಂಡಪ್ಪನವರಿಗೆ ಹೇಳುವವರು ಯಾರು? ಹೆಣ್ಣಿನ ಕಡೆಯವಳು ನಾನು.

ಅಕ್ಟೋಬರ್ 14, ಸಂಜೆ

ಬಿ.ಪಿ. ಏರಿ ಮಲಗಿದ್ದೆ. ಬರೆಯಲಿಲ್ಲ.

ಇಂದು ಬಂದರು — ದುಂಡಪ್ಪನವರು, ಕಾಂತೇಶನ ತಾಯಿ ಬಾಯವ್ವ. ರೇಣು ಧೈರ್ಯ ಮಾಡಿ ಹೇಳಿದಳು, ಜಿಗಿದದ್ದು ತಾರೀಖಷ್ಟೇ, ಜಾತಕಕ್ಕೆ ಬೇಕಾದ ಚಂದ್ರ ಜಿಗಿದಿಲ್ಲ ಎಂದು. ದುಂಡಪ್ಪನವರು ರೀಲ್ಸನ್ನೇ ಮತ್ತೆ ಹಚ್ಚಿದರು, ದನಿ ಏರಿಸಿ.

ಬಾಯವ್ವ ಬಶಿಗೆ ಚಹಾ ಸುರುವಿಕೊಂಡು ಕೇಳಿದರು, "ದುಂಡಪ್ಪಾ, ಕಾಂತೇಶಂದು ಯಾವ ತಾರೀಖ ಹಿಡದಿ?"

"ಜೂನ್ ಒಂದು, ವೈನಿ. ಸಾಲಿ ದಾಖಲೆದಾಗ ಐತೆಲ್ಲ."

"ಅದು ಹೆಸರ ಹಚ್ಚುವಾಗ ಮಾಸ್ತರು ಹಾಕಿದ್ದೋ. ನಮ್ಮೂರ ಮಂದಿ ಅರ್ಧ ಜೂನ್ ಒಂದಕ್ಕ ಹುಟ್ಟ್ಯಾರ, ನೀನೂ ಸೈತ. ಇಂವ ಹುಟ್ಟಿದ್ದು ದಸರಾ ಮುಗದ ಮ್ಯಾಲೆ, ಸೀಗಿ ಹುಣ್ಣಿವಿ ಮರುದಿನ. ಹತ್ತು ದಿನಕ್ಕ ಪೋಪನ್ನ ಹಿಡದಿ, ನಾಕು ತಿಂಗಳಿಗೆ ಯಾರನ್ನ ಹಿಡೀತಿ?"

ರೇಣು ನಗು ತಡೆಯದೆ ಅಡಿಗೆಮನೆಗೆ ಓಡಿದಳು. ದುಂಡಪ್ಪನವರು ಮೊಬೈಲ್ ಕಿಸೆಗಿಟ್ಟರು.

ಬಾಯವ್ವ ನನ್ನ ಕೈ ಹಿಡಿದರು. "ಬೀಗತಿ, ಜಾತಕ ಬಿಡ್ರಿ. ಅವರಿಬ್ಬರ ಮನಸ ಕೂಡ್ಯಾವ. ನಾಳೆ ಜವಳಿ ತರೂಣು."

ಅಕ್ಟೋಬರ್ 15, ಬೆಳಿಗ್ಗೆ

ಒಂದೇ ಅಂಜಿಕೆ. ಕಾಂತೇಶನ ಖರೇ ತಾರೀಖಿಟ್ಟು ನೋಡಿದರೆ ನಿಜಕ್ಕೂ ಕೂಡದಿದ್ದರೆ? ಶಾಸ್ತ್ರಿಗಳ ನಂಬರ್ ಹಚ್ಚಿದೆ. ರೇಣು ಮೊಬೈಲ್ ಕಸಿದುಕೊಂಡು ಕಪಾಟಿನ ಮೇಲಿಟ್ಟಳು. ನನ್ನ ಕೈಗೆ ಎಟಕುವುದಿಲ್ಲ. ಎಟಕದಿರಲಿ... ಹೊರಗೆ ಬಾಯವ್ವನವರ ದನಿ. ನಾನಿನ್ನೂ ಸೀರೆ ಸಹ ಬದಲಿಸಿಲ್ಲ —